ಶೇ 20 ಎಥನಾಲ್ ಬೆರೆತ ಪೆಟ್ರೋಲ್: ಹಳೇ ಬೈಕಿನಲ್ಲಿ ಮೂರು ವರ್ಷ

ಎಲ್ಲರೂ ಮೊದಲು ಕೇಳುವುದು ಮೈಲೇಜ್, ಅದನ್ನು ಹೇಳಿ ಮುಗಿಸುತ್ತೇನೆ. ಲೀಟರಿಗೆ 52 ಕಿ.ಮೀ. ಕೊಡುತ್ತಿದ್ದ ನನ್ನ ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸಿ ಎಂಜಿನ್ನಿಗೆ ಕಳಿಸುವ ಭಾಗ) ಇರುವ ಬೈಕು ಈಗ 48 ಕೊಡುತ್ತದೆ. ಎಥನಾಲ್ ಎಂದರೆ ಕಬ್ಬು, ಧಾನ್ಯಗಳಿಂದ ತೆಗೆಯುವ ಮದ್ಯಸಾರ. ಒಂದು ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಐದರಲ್ಲೊಂದು ಭಾಗ ಅದನ್ನೇ ಬೆರೆಸಿದರೆ ಇಷ್ಟು ಇಳಿಯಲೇಬೇಕು. ದಿನಕ್ಕೆ ಮೂವತ್ತು ಕಿ.ಮೀ. ಓಡಿಸುವ ನನಗೆ ತಿಂಗಳಿಗೆ ಒಂದು ಲೀಟರ್ ಚಿಲ್ಲರೆ ಹೆಚ್ಚು ಬೇಕು. ಕೈಗೆ ಭಾರವೇನೂ ಆಗಲಿಲ್ಲ.

ನನ್ನನ್ನು ಗೋಳುಹೊಯ್ದುಕೊಂಡದ್ದು ನೀರು.

ಮೊದಲ ಮಳೆಗಾಲದಲ್ಲಿ ಮೂರು ವಾರ ಬೈಕನ್ನು ಬಯಲಲ್ಲೇ ನಿಲ್ಲಿಸಿದ್ದೆ. ವಾಪಸ್ ಬಂದು ಕಿಕ್ ಹೊಡೆದೆ, ಹೊಡೆದೆ, ಕಾಲು ಸೋತಿತು. ಮೆಕ್ಯಾನಿಕ್ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲಿನ ಸ್ಕ್ರೂ ಸಡಿಲಿಸಿ, ಬಂದದ್ದನ್ನು ಗಾಜಿನ ಸೀಸೆಯಲ್ಲಿ ಹಿಡಿದರು. ಎರಡು ಪದರ! ಮೇಲೆ ತಿಳಿ, ಕೆಳಗೆ ಮಬ್ಬು. ಕಲಬೆರಕೆ ಎಂದು ಕೂಗಾಡಿದೆ. ಅಲ್ಲ ಎಂದರು ಅವರು. ಎಥನಾಲ್‌ಗೆ ನೀರೆಂದರೆ ಪ್ರಾಣ. ಸ್ವಲ್ಪ ನೀರನ್ನು ಕರಗಿಸಿಕೊಂಡು ಪೆಟ್ರೋಲಿನಲ್ಲೇ ಇರುತ್ತದೆ, ಮಿತಿ ಮೀರಿದಾಗ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ತಳಕ್ಕಿಳಿದುಬಿಡುತ್ತದೆ. ಚಳಿ ಹೆಚ್ಚಿದಷ್ಟೂ ಆ ಮಿತಿ ಕಮ್ಮಿ. ಟ್ಯಾಂಕಿನ ಕೊಳವೆ ಇರುವುದೂ ತಳದಲ್ಲೇ, ಹಾಗಾಗಿ ಎಂಜಿನ್‌ಗೆ ಮೊದಲು ಹೋಗುವುದು ಆ ಮಬ್ಬು ನೀರೇ.

ಅಂದಿನಿಂದ ಭಾನುವಾರದ ಬೆಳಗ್ಗೆ ನನಗೊಂದು ಕೆಲಸ ಅಂಟಿಕೊಂಡಿತು. ಪೆಟ್ರೋಲ್ ಕಾಕ್ (ಟ್ಯಾಂಕಿನ ನಲ್ಲಿ) ಮುಚ್ಚುವುದು, ಬಟ್ಟಲಿನ ಸ್ಕ್ರೂ ಒಂದು ಸುತ್ತು ಬಿಚ್ಚುವುದು, ಅದೇ ಸೀಸೆಗೆ ಹಿಡಿಯುವುದು, ನೆರಳಲ್ಲಿ ಐದು ನಿಮಿಷ ಇಟ್ಟು ಬೆಳಕಿಗೆ ಎತ್ತಿ ನೋಡುವುದು. ಆ ಐದು ನಿಮಿಷ ನಾನು ಬೇರೇನೂ ಮಾಡುವುದಿಲ್ಲ, ಸುಮ್ಮನೆ ಕೂತಿರುತ್ತೇನೆ. ಮೊದಮೊದಲು ಸಿಟ್ಟಿನಿಂದ ಮಾಡುತ್ತಿದ್ದೆ. ಈಗ ಮಾಡದಿದ್ದರೆ ವಾರ ಶುರುವಾದಂತೆ ಅನಿಸುವುದಿಲ್ಲ.

ಆ ಸೀಸೆಯೇ ನನ್ನ ಅಭಿಪ್ರಾಯ ಬದಲಿಸಿದ್ದು. ದಿನವೂ ಓಡಿಸುವ ವಾರಗಳಲ್ಲಿ ಒಮ್ಮೆಯೂ ಪದರ ಕಾಣಲಿಲ್ಲ. ಮಳೆಯಲ್ಲಿ ನಿಲ್ಲಿಸಿದ ಮೇಲೆ ಮಾತ್ರ ಕಂಡಿತು. ಟ್ಯಾಂಕ್ ಮುಚ್ಚಳ ತೆಗೆದು ನೋಡಿದರೆ ಅದರ ರಬ್ಬರ್ ಒಣಗಿ ಬಿರಿದಿತ್ತು. ಹೊಸದು ಹಾಕಿಸಿ ಎರಡು ವರ್ಷವಾಯಿತು, ಸೀಸೆ ತಿಳಿಯಾಗಿಯೇ ಇದೆ. ಗಾಳಿಯ ತೇವದಿಂದ ಸೇರುವ ಅಷ್ಟಿಷ್ಟು ನೀರು ಎಥನಾಲ್‌ನಲ್ಲಿ ಕರಗಿ ಹೊಗೆಯ ದಾರಿ ಹಿಡಿಯುತ್ತದೆ. ಬರೀ ಪೆಟ್ರೋಲ್ ಇದ್ದ ಕಾಲದಲ್ಲಿ ಒಂದೇ ಹನಿ ನೀರು, ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಚಿಮ್ಮುವ ಸಣ್ಣ ತೂತಾದ ಜೆಟ್‌ನಲ್ಲಿ ಕೂತು ಗಾಡಿ ನಿಲ್ಲಿಸಿದ್ದೂ ನೆನಪಿದೆ. ತಪ್ಪನ್ನು ಇಂಧನದ ತಲೆಗೆ ಕಟ್ಟಿದ್ದು ನನ್ನ ಅವಸರ.

ಹಳೇ ಗಾಡಿಯವರಿಗೆ ಇನ್ನೂ ಒಂದೆರಡು ಮಾತು. ಎಥನಾಲ್ ಟ್ಯಾಂಕಿನ ಹಳೆಯ ಜಿಗುಟನ್ನು ಎಬ್ಬಿಸುತ್ತದೆ, ಮೊದಲ ಎರಡು ತಿಂಗಳಲ್ಲಿ ನನ್ನ ಫಿಲ್ಟರ್ ಎರಡು ಸಲ ಕಟ್ಟಿತು. ಪೆಟ್ರೋಲ್ ಪೈಪು ಉಬ್ಬಿ ಮೆತ್ತಗಾಯಿತು, ಎಥನಾಲ್ ತಡೆಯುವಂಥದ್ದನ್ನು ಹಾಕಿಸಿದೆ. ಎಥನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ ಹಳೆಯ ಸೆಟ್ಟಿಂಗಿನಲ್ಲಿ ಮಿಶ್ರಣ ತೆಳುವಾಗುತ್ತದೆ, ಅಂದರೆ ಗಾಳಿಗೆ ಹೋಲಿಸಿದರೆ ಇಂಧನ ಕಡಿಮೆ ಬೀಳುತ್ತದೆ. ಅದರ ಗುರುತಾಗಿ ಪ್ಲಗ್ ಬೆಳ್ಳಗಾಗಿದ್ದು ನೋಡಿ ಮೆಕ್ಯಾನಿಕ್ ಒಂದು ಸೈಜ್ ದೊಡ್ಡ ಜೆಟ್ ಕೂರಿಸಿದರು. ಚಳಿಯ ಬೆಳಗ್ಗೆ ಚೋಕ್ ಎಳೆದು ತುಸು ಹೆಚ್ಚು ಹೊತ್ತು ಕಾಯಬೇಕು. ಬ್ರೆಜಿಲ್‌ನಲ್ಲಿ ಎಥನಾಲ್‌ನಲ್ಲೇ ಓಡುವ ಕಾರುಗಳಿಗೆ ಚಳಿಯಲ್ಲಿ ಚಾಲೂ ಮಾಡಲೆಂದೇ ಪುಟ್ಟ ಪೆಟ್ರೋಲ್ ಟ್ಯಾಂಕ್ ಇಡುತ್ತಿದ್ದರು, 1975ರಲ್ಲಿ ದೊಡ್ಡ ಯೋಜನೆಯನ್ನೇ ಶುರು ಮಾಡಿದ ದೇಶವದು.

ಎಣಿಸದೆ ಸಿಕ್ಕ ಸುಖವೂ ಒಂದಿದೆ. ಇಬ್ಬರು ಕೂತು ಏರು ಹತ್ತುವಾಗ ಎಂಜಿನ್ನಿನಿಂದ ಬರುತ್ತಿದ್ದ ಟಕಟಕ ಸದ್ದು ನಿಂತಿದೆ. ಎಥನಾಲ್‌ನ ಆಕ್ಟೇನ್, ಅಂದರೆ ಇಂಧನ ಹೊತ್ತಿಗೆ ಮುಂಚೆ ತಾನಾಗಿ ಉರಿದು ಇಂಥ ಸದ್ದು ಮಾಡದಂತೆ ತಡೆಯುವ ಗುಣ, ಪೆಟ್ರೋಲಿಗಿಂತ ಬಹಳ ಮೇಲು. ಆ ನಯವಾದ ಸದ್ದಿಗಾಗಿಯೇ ನಾನು ಆ ನಾಲ್ಕು ಕಿಲೋಮೀಟರ್ ಬಿಟ್ಟುಕೊಟ್ಟೇನು.

ದಿನವೂ ಓಡಿಸುವವರು ಧೈರ್ಯವಾಗಿ ಬಳಸಿ. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿ, ಅಪರೂಪಕ್ಕೆ ಚಾಲೂ ಮಾಡುವ ಜನರೇಟರ್ ಇದ್ದರೆ ಬಟ್ಟಲು ಖಾಲಿ ಮಾಡಿಯೇ ಇಡಿ. ಮುಚ್ಚಳದ ರಬ್ಬರನ್ನು ಇವತ್ತೇ ಒಮ್ಮೆ ಒತ್ತಿ ನೋಡಿ.