ಹಣೆಯಿಂದ ಸೊಂಟಕ್ಕೆ ಇಳಿದ ದೀಪ: ಎರಡು ವರ್ಷದ ಬಳಕೆಯ ಅನುಭವ

ಬೆಳಗಿನ 5 ಗಂಟೆಯ ಓಟಕ್ಕೆಂದು ಕೊಂಡ, ಹಣೆಗೆ ಕಟ್ಟಿಕೊಳ್ಳುವ ಈ ಹೆಡ್‌ಲ್ಯಾಂಪ್‌ಗೆ ಬರುವ ನವೆಂಬರ್‌ನಲ್ಲಿ ಎರಡು ವರ್ಷ ತುಂಬುತ್ತದೆ. ಲೂಮೆನ್ (ಬೆಳಕಿನ ಅಳತೆ), ತೂಕ ಮುಂತಾದವೆಲ್ಲ ಡಬ್ಬದ ಮೇಲೆಯೇ ಅಚ್ಚಾಗಿವೆ. ನಾನು ಬರೆಯಲು ಕುಳಿತದ್ದು ಅದರ ಗುಂಡಿಯ ಮೇಲಿನ ಸಿಟ್ಟಿನಿಂದ.

ಇರುವುದು ಒಂದೇ ಗುಂಡಿ. ಮೊದಲ ಸಲ ಒತ್ತಿದರೆ ಪ್ರಖರ ಬೆಳಕು, ಎರಡನೆಯ ಸಲ ಮಂದ ಬೆಳಕು, ಮೂರನೆಯ ಸಲ ಮಿನುಗು. ನಾಲ್ಕನೆಯ ಸಲಕ್ಕೆ ಆರುತ್ತದೆ. ಅಂದರೆ ಆರಿಸಬೇಕೆಂದಾಗಲೆಲ್ಲ ಮಿನುಗಿಸಿಯೇ ತೀರಬೇಕು. ಕೊಳ್ಳುವಾಗ ಇದೊಂದು ದೋಷವೆಂದು ತೋರಿರಲಿಲ್ಲ. ಮೈಸೂರಿನ ಸರಸ್ವತಿಪುರಂನ ಅಡ್ಡರಸ್ತೆಯೊಂದರಲ್ಲಿ, ನಿಲ್ಲಿಸಿದ್ದ ಕಾರುಗಳ ಅಡಿಯಿಂದ ನಾಲ್ಕೈದು ಜೊತೆ ಹಸಿರು ಕಣ್ಣುಗಳು ಒಮ್ಮೆಗೇ ಹೊಳೆದಾಗ, ದೀಪ ಆರಿಸಿ ಮೆಲ್ಲನೆ ನಡೆದುಹೋಗೋಣವೆಂದು ಗುಂಡಿ ಒತ್ತಿದೆ. ಮಿನುಗು ಶುರುವಾಗಿದ್ದೇ ತಡ ಒಂದು ನಾಯಿ ಬೊಗಳಿತು, ಮಿಕ್ಕವು ಎದ್ದವು. ಬೆವರಿದ ಬೆರಳು ಜಾರಿ ನಾಲ್ಕನೆಯ ಒತ್ತು ಬೀಳಲೇ ಇಲ್ಲ. ನಾಯಿಗಳ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಮರಳಿಸುವ ಪದರವೊಂದಿದ್ದು, ಅದರಿಂದಲೇ ಅವು ಮಬ್ಬುಗತ್ತಲಲ್ಲಿ ನಮಗಿಂತ ಚೆನ್ನಾಗಿ ಕಾಣುತ್ತವೆ; ಅಂಥ ಕಣ್ಣಿಗೆ ಮಿನುಗುದೀಪ ಬಿಟ್ಟವನನ್ನು ಅಟ್ಟಿಸಿಕೊಂಡು ಬಂದದ್ದರಲ್ಲಿ ಅವುಗಳ ತಪ್ಪೇನೂ ನನಗೆ ಕಾಣುವುದಿಲ್ಲ. ಮಾರಿದವರಿಗೆ ದೂರು ಬರೆದಾಗ, ಕೈಪಿಡಿಯನ್ನು ಓದಿಕೊಳ್ಳುವಂತೆ ಉತ್ತರ ಬಂತು.

ಎರಡನೆಯ ತಕರಾರು ಬೀಳುವವರೆಗೆ ತಿಳಿಯಲಿಲ್ಲ. ಮರದ ಬೇರುಗಳು ಎತ್ತಿ ನಿಲ್ಲಿಸಿದ್ದ ಪಾದಚಾರಿ ಮಾರ್ಗದ ಕಲ್ಲುಚಪ್ಪಡಿಯೊಂದು, ದೀಪ ನೇರವಾಗಿ ಅದರ ಮೇಲೆಯೇ ಬಿದ್ದಿದ್ದರೂ, ನನಗೆ ಸಪಾಟಾಗಿಯೇ ಕಂಡಿತ್ತು. ಬೆಳಕು ಕಣ್ಣಿನ ಪಕ್ಕದಿಂದಲೇ ಹೊರಡುವುದರಿಂದ ಉಬ್ಬುತಗ್ಗುಗಳ ನೆರಳೆಲ್ಲ ಅವುಗಳ ಹಿಂದೆಯೇ ಅಡಗುತ್ತದೆ, ಆಳ ತಿಳಿಯುವುದೇ ಇಲ್ಲ. ಡಿಸೆಂಬರ್‌ನ ಮಂಜಿನಲ್ಲಂತೂ ಹಣೆಯ ದೀಪ ಕಣ್ಣೆದುರಿಗೆ ಬಿಳಿಯ ಪರದೆ ಕಟ್ಟಿದಂತೆ ಮಾಡುತ್ತಿತ್ತು.

ಇಷ್ಟಾಗಿಯೂ ಅದನ್ನು ಎಸೆಯದೆ ಉಳಿಸಿಕೊಂಡದ್ದಕ್ಕೆ ಕಾರಣ ಅದರ ಮೂರನೆಯ ದೋಷ. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಎಲಾಸ್ಟಿಕ್ ಪಟ್ಟಿ ಸಡಿಲಾಗಿ, ದೀಪ ಹುಬ್ಬಿನವರೆಗೆ ಇಳಿಯತೊಡಗಿತು. ಬೇಸತ್ತು ಒಂದು ದಿನ ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಹೊರಟೆ. ಬೋಗಾದಿ ರಸ್ತೆಗೆ ಬಂದಾಗ ನೆಲವೇ ಬೇರೆಯಾಗಿತ್ತು: ನಿಂಬೆಹಣ್ಣಿನ ಗಾತ್ರದ ಜಲ್ಲಿಕಲ್ಲೂ ತನ್ನ ಹಿಂದೆ ಗೇಣುದ್ದದ ನೆರಳು ಚೆಲ್ಲಿತ್ತು, ರಸ್ತೆಗುಂಡಿಯ ಅಂಚು ಕಾಡಿಗೆ ತೀಡಿದಷ್ಟು ಸ್ಪಷ್ಟವಾಗಿತ್ತು. ಮರುದಿನವೇ ದರ್ಜಿಯ ಬಳಿ 40 ರೂಪಾಯಿ ಕೊಟ್ಟು, ಎರಡು ಬೆರಳಗಲದ ಹೊಸ ಎಲಾಸ್ಟಿಕ್ ಅನ್ನು ಸೊಂಟದ ಅಳತೆಗೆ ಹೊಲಿಸಿದೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವ ಪಕ್ಕದ ಬೀದಿಯ ಅಜ್ಜಿ, ನಾನು ಬಂದಾಗಲೆಲ್ಲ ಕಣ್ಣಿಗೆ ಕೈ ಅಡ್ಡ ಹಿಡಿದು "ಪೊಲೀಸ್ನೋರ ಥರ ಮುಖಕ್ಕೇ ಬಿಡ್ತೀಯಲ್ಲಪ್ಪ" ಎನ್ನುತ್ತಿದ್ದವರು, ಈಗ ತಲೆ ಎತ್ತುವುದೂ ಇಲ್ಲ.

ರಾತ್ರಿ ಮಲಗುವ ಮುನ್ನ ದೀಪವನ್ನು ಕಿಟಕಿಯ ಸರಳಿಗೆ ನೇತುಹಾಕಿ ಚಾರ್ಜ್‌ಗೆ ಇಡುತ್ತೇನೆ. ಬೆಳಿಗ್ಗೆ ಅರ್ಧ ಲೋಟ ಉಗುರುಬೆಚ್ಚನೆಯ ನೀರು ಕುಡಿದು, ಬಾಗಿಲಿನ ಚಿಲಕವನ್ನು ಸದ್ದಾಗದಂತೆ ಎರಡೂ ಕೈಯಿಂದ ಸರಿಸಿ, ಮೆಟ್ಟಿಲ ಮೇಲೆ ಕುಳಿತು, ಬೀಗದ ಕೈಯನ್ನು ಶೂ ಲೇಸಿನೊಳಗೆ ಕಟ್ಟಿದ ಮೇಲೆಯೇ ದೀಪ ಹಚ್ಚುವುದು. ಕುಕ್ಕರಹಳ್ಳಿ ಕೆರೆಯ ಬಾಗಿಲು ತಲುಪುವ ಹೊತ್ತಿಗೆ ದಾರಿ ಕಾಣುವಷ್ಟು ಬೆಳಕಾಗಿದ್ದರೆ, ಅಂಗೈಯಿಂದ ಮುಚ್ಚಿ, ಮಿನುಗನ್ನು ಕೈಯೊಳಗೇ ಮುಗಿಸಿ ಆರಿಸುತ್ತೇನೆ. ನಾಯಿಗಳಿರುವ ತಿರುವಿನಲ್ಲಿ ಗುಂಡಿಯ ಗೊಡವೆಗೇ ಹೋಗದೆ ಅಂಗಿಯ ಅಂಚನ್ನು ಅದರ ಮೇಲೆ ಎಳೆದುಕೊಂಡು ನಡೆಯುತ್ತೇನೆ.

ಈಗ ಉಳಿದಿರುವ ಚಿಂತೆ ಬ್ಯಾಟರಿಯದು. ಹೊಸತರಲ್ಲಿ ಒಂದು ಸಲ ಚಾರ್ಜ್ ಮಾಡಿದರೆ ನಾಲ್ಕು ದಿನದ ಓಟಕ್ಕೆ ಬರುತ್ತಿದ್ದದ್ದು ಈಗ ಒಂದೂವರೆ ದಿನಕ್ಕೆ ಇಳಿದಿದೆ, ಬಿಚ್ಚಿ ಬದಲಿಸಲು ಬರುವುದಿಲ್ಲ. ಜೂನ್‌ನಲ್ಲಿ ಮೈಸೂರಿನ ಸೂರ್ಯ 6 ಗಂಟೆಯ ಆಸುಪಾಸಿಗೇ ಹುಟ್ಟುವುದರಿಂದ ಇದು ನಡೆಯುತ್ತದೆ, 6.45 ದಾಟಿದ ಮೇಲೆ ಹುಟ್ಟುವ ಜನವರಿಗೆ ಸಾಲದು. ಸಾವಿರದೈನೂರು ರೂಪಾಯಿಯೊಳಗೆ, ಸೆಲ್ ಬದಲಿಸಬಹುದಾದ, ಆರಿಸಲು ಬೇರೆಯೇ ಗುಂಡಿಯಿರುವ ದೀಪವನ್ನು ಯಾರಾದರೂ ಬಳಸುತ್ತಿದ್ದರೆ ದಯವಿಟ್ಟು ತಿಳಿಸಿ. ಪಟ್ಟಿ ಹೇಗಿದ್ದರೂ ಪರವಾಗಿಲ್ಲ, ದರ್ಜಿಯ ಬಳಿ ನನ್ನ ಅಳತೆ ಇದೆ.