‘ನಾನು’ ಯಾರು: ಡೆಕಾರ್ಟ್, ಲಾಕ್, ಹ್ಯೂಮ್ ಇವರಲ್ಲಿ ಯಾರನ್ನು ಮೊದಲು ಓದುವುದು?

ಫ್ರೆಂಚ್ ತತ್ವಜ್ಞಾನಿ ಡೆಕಾರ್ಟನ 1641ರ ‘ಮೆಡಿಟೇಷನ್ಸ್’ ಸುಲಭದ ಬಾಗಿಲು. ಆರೇ ಭಾಗಗಳು. ಎರಡನೆಯದರಲ್ಲಿ ‘ನಾನು’ ಯೋಚಿಸುವ ವಸ್ತುವೆಂದು ಗೊತ್ತಾಗುತ್ತದೆ, ಆರನೆಯದರಲ್ಲಿ ಅದು ದೇಹದಿಂದ ಬೇರೆಯಾಗುತ್ತದೆ. ತೊಡಕೂ ಅಲ್ಲೇ: ಜಾಗವನ್ನೇ ಹಿಡಿಯದ ಮನಸ್ಸು ಕೈಯನ್ನು ಎತ್ತುವುದು ಹೇಗೆ? 1643ರಲ್ಲಿ ಬೊಹೀಮಿಯಾದ ರಾಜಕುಮಾರಿ ಎಲಿಜಬೆತ್ ಪತ್ರ ಬರೆದು ಇದನ್ನೇ ಕೇಳಿದಳು. ಅವನ ಉತ್ತರ ಅವಳಿಗೆ ಸಾಲಲಿಲ್ಲ, ನಮಗೂ ಸಾಲದು.

ಇಂಗ್ಲಿಷ್ ತತ್ವಜ್ಞಾನಿ ಲಾಕ್ ಆತ್ಮವೆಂಬ ದ್ರವ್ಯವನ್ನು (ತಾನೇ ತಾನಾಗಿ ಇರುವ ವಸ್ತುವನ್ನು) ಬದಿಗಿಟ್ಟು ಪ್ರಜ್ಞೆಯನ್ನು ಹಿಡಿಯುತ್ತಾನೆ. ನಿನ್ನೆ ಮಾಡಿದ್ದು ನನ್ನದೆಂದು ನೆನಪಿದ್ದರೆ ನಾನು ಅವನೇ. ಮರೆತರೆ? ಮುಂದೆ ಸ್ಕಾಟ್ಲೆಂಡಿನ ತತ್ವಜ್ಞಾನಿ ಥಾಮಸ್ ರೀಡ್ ಹಿಡಿದದ್ದು ಈ ಎಳೆಯನ್ನು: ಮುದಿ ಸೇನಾಪತಿಗೆ ತನ್ನ ಯೌವನದ ಸಾಹಸ ನೆನಪಿದೆ; ಆ ಯುವಕನಿಗೆ ಬಾಲ್ಯದಲ್ಲಿ ತಿಂದ ಏಟು ನೆನಪಿತ್ತು; ಸೇನಾಪತಿಗೆ ಏಟು ಮರೆತಿದೆ. ಲಾಕನ ಲೆಕ್ಕದಲ್ಲಿ ಅವನು ಆ ಹುಡುಗನೂ ಹೌದು, ಅಲ್ಲವೂ ಹೌದು! ಆದರೂ ಶಿಕ್ಷೆ, ಹೊಣೆಗಾರಿಕೆಯ ಪ್ರಶ್ನೆ ಕಾಡುವವರು ಇಲ್ಲಿಂದಲೇ ಹೊರಡಬೇಕು. ಲಾಕನ ‘ಆನ್ ಎಸ್ಸೇ ಕನ್ಸರ್ನಿಂಗ್ ಹ್ಯೂಮನ್ ಅಂಡರ್‌ಸ್ಟ್ಯಾಂಡಿಂಗ್’ ಗ್ರಂಥದ ಎರಡನೆಯ ಪುಸ್ತಕದ 27ನೆಯ ಅಧ್ಯಾಯವೊಂದೇ ಸಾಕು. ಅದು ಸೇರಿದ್ದು 1694ರ ಎರಡನೆಯ ಆವೃತ್ತಿಯಲ್ಲಿ, ಮೊದಲನೆಯದರಲ್ಲಿ ಹುಡುಕಬೇಡಿ.

ಸ್ಕಾಟ್ಲೆಂಡಿನ ತತ್ವಜ್ಞಾನಿ ಹ್ಯೂಮನಿಗೆ ಒಳಗೆ ಸಿಕ್ಕಿದ್ದು ಗ್ರಹಿಕೆಗಳ ಕಟ್ಟು ಮಾತ್ರ. ಬೌದ್ಧರ ಅನಾತ್ಮವಾದ (ಶಾಶ್ವತ ಆತ್ಮವಿಲ್ಲವೆಂಬ ವಾದ) ಬಲ್ಲವರಿಗೆ ಪರಿಚಿತ ದನಿಯೇ. ಕಟ್ಟಿದ ದಾರ ಯಾವುದೆಂಬ ತನ್ನ ವಿವರಣೆ ಸಾಲದೆಂದು ತನ್ನ ‘ಎ ಟ್ರೀಟಿಸ್ ಆಫ್ ಹ್ಯೂಮನ್ ನೇಚರ್’ ಗ್ರಂಥದ 1740ರ ಅನುಬಂಧದಲ್ಲಿ ತಾನೇ ಒಪ್ಪಿಕೊಂಡ. ಇವನನ್ನೇ ಮೊದಲು ಓದಿದರೆ ಯಾರೊಡನೆ ಜಗಳವಾಡುತ್ತಿದ್ದಾನೆಂಬುದೇ ತಿಳಿಯದು.