ಪ್ಲಗ್ ಮುರಿದುಕೊಂಡ ಮೇಲೆ ತಂದ ಟಾರ್ಕ್ ರೆಂಚ್: ನಾಲ್ಕು ಮಳೆಗಾಲದ ಬಳಕೆ

ವಸ್ತು: ಕ್ಲಿಕ್ ಟೈಪ್ ಟಾರ್ಕ್ ರೆಂಚ್ (ಎಷ್ಟು ಬಿಗಿ ಬೇಕೋ ಅಷ್ಟಕ್ಕೆ ಇಟ್ಟರೆ ಅಲ್ಲಿಗೆ ಬಂದಾಗ ಕ್ಲಿಕ್ ಅನ್ನುವ ರೆಂಚ್), 3/8 ಇಂಚಿನ ಡ್ರೈವ್, 5ರಿಂದ 60 ನ್ಯೂಟನ್ ಮೀಟರ್ (ತಿರುಗಿಸುವ ಬಲದ, ಅಂದರೆ ಟಾರ್ಕಿನ ಅಳತೆ). ಜೊತೆಗೆ ಒಳಗೆ ಮ್ಯಾಗ್ನೆಟ್ ಇರುವ 16 ಎಂಎಂ ಸ್ಪಾರ್ಕ್ ಪ್ಲಗ್ ಸಾಕೆಟ್. ಗಾಡಿ: ನಾಲ್ಕು ಸಿಲಿಂಡರಿನ ಪೆಟ್ರೋಲ್ ಮಿನಿ ಟ್ರಕ್, ಸೆಕೆಂಡ್ ಹ್ಯಾಂಡ್. ಊರು ತೀರ್ಥಹಳ್ಳಿ ಹತ್ತಿರ.

ಅಡಿಕೆ ಮೂಟೆ ಹೇರಿಕೊಂಡು ಶಿವಮೊಗ್ಗದ ಎಪಿಎಂಸಿಗೆ ಹೋಗುವುದು, ಬರುವಾಗ ಗೊಬ್ಬರವೋ ಸಿಮೆಂಟೋ ತರುವುದು, ಇದು ಗಾಡಿಯ ಕೆಲಸ. ತಗೊಂಡ ವರ್ಷವೇ ಏರು ಬಂದರೆ ಜರ್ಕ್ ಹೊಡೆಯಲು ಶುರು ಮಾಡಿತು. ಪ್ಲಗ್ ತಾನೇ, ನಾನೇ ಬಿಚ್ಚುತ್ತೇನೆ ಅಂತ ಕೂತೆ. ಮೂರು ಹೇಗೋ ಬಂದವು. ನಾಲ್ಕನೆಯದು ಜಪ್ಪಯ್ಯ ಅನ್ನಲಿಲ್ಲ. ರಾಡಿಗೆ ಕಬ್ಬಿಣದ ಪೈಪ್ ಸಿಕ್ಕಿಸಿ ಎಳೆದೆ. ಟಕ್ ಅಂದಿತು. ಸಡಿಲ ಆಯಿತು ಅಂತ ಖುಷಿಯಾಗಿ ಸಾಕೆಟ್ ಎತ್ತಿದರೆ ಒಳಗೆ ಬಿಳಿ ಪಿಂಗಾಣಿ ಮತ್ತು ಆರು ಮೂಲೆಯ ತಲೆ ಅಷ್ಟೇ. ಥ್ರೆಡ್ ಭಾಗ ಎಂಜಿನ್ನಿನ ಹೆಡ್‌ನಲ್ಲೇ (ಸಿಲಿಂಡರುಗಳ ಮೇಲಿನ ಮುಚ್ಚಳದ ಭಾಗ) ಉಳಿದಿತ್ತು.

ಗಾಡಿ ಎಳೆಸಿಕೊಂಡು ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿಗೆ ಹೋದೆ. ಅಲ್ಲಿನ ಹಿರಿಯ ಮೆಕ್ಯಾನಿಕ್ ಒಬ್ಬರು ಮುರಿದ ತುಂಡು ತೆಗೆಯುವ ಚೌಕದ ಎಕ್ಸ್‌ಟ್ರ್ಯಾಕ್ಟರಿಗೆ ಗ್ರೀಸ್ ಮೆತ್ತಿ, ಚೂರು ಒಳಗೆ ಬೀಳದ ಹಾಗೆ ಮೆಲ್ಲಗೆ ಬಡಿದು ಕೂರಿಸಿ, ಅರ್ಧ ದಿನ ಕಾದಾಡಿ ತೆಗೆದರು. ಹೆಡ್ ಬಿಚ್ಚುವುದು ತಪ್ಪಿತು. ಆಮೇಲೆ ಪ್ಲಗ್ಗಿನ ವಾಷರ್ ಅಂಗೈ ಮೇಲಿಟ್ಟು ತೋರಿಸಿದರು. ಜಜ್ಜಿ ಕಾಗದದ ಹಾಗೆ ಆಗಿತ್ತು. "ಇದನ್ನ ಮುರಿದಿದ್ದು ನೀವಲ್ಲ ಮಾರಾಯ್ರೆ. ಹಿಂದಿನ ಸಲ ಟೈಟ್ ಮಾಡಿದಾನಲ್ಲ, ಅವನು."

ಆ ಮಾತು ತಲೆಯಲ್ಲಿ ಉಳಿಯಿತು. ನಾವೆಲ್ಲ ಬಿಚ್ಚುವ ದಿನದ ಬಗ್ಗೆ ಚಿಂತೆ ಮಾಡುತ್ತೇವೆ. ಕೂರಿಸುವ ದಿನ "ಇನ್ನೊಂಚೂರು ಇರಲಿ" ಅಂತ ಒಂದು ಒತ್ತು ಜಾಸ್ತಿ ಕೊಡುತ್ತೇವೆ. ಅಲ್ಯೂಮಿನಿಯಂ ಹೆಡ್‌ನಲ್ಲಿ ಸ್ಟೀಲ್ ಥ್ರೆಡ್, ಅದರ ಮೇಲೆ ಕಾರ್ಬನ್ನು, ತುಕ್ಕು. ಕಚ್ಚಿಕೊಳ್ಳದೆ ಇನ್ನೇನಾಗುತ್ತದೆ?

ಅದಕ್ಕೇ ಟಾರ್ಕ್ ರೆಂಚ್ ತಗೊಂಡೆ. ಮೊದಲನೇ ಸಲ ತಪ್ಪು ಮಾಡಿದೆ. ದೊಡ್ಡದಿದ್ದರೆ ವೀಲ್ ನಟ್ಟಿಗೂ ಆಯಿತು ಅಂತ 1/2 ಇಂಚಿನದು, 28ರಿಂದ 210ರವರೆಗಿನದು ತಂದೆ. ನನ್ನ ಪ್ಲಗ್ 14 ಎಂಎಂ ಥ್ರೆಡ್ಡಿನದು, ಅದಕ್ಕೆ ಬೇಕಾದ್ದು 25ರಿಂದ 30 ನ್ಯೂಟನ್ ಮೀಟರ್. ಅಂದರೆ ಆ ರೆಂಚಿನ ತಳದ ಅಳತೆ. ಅಲ್ಲಿ ಕ್ಲಿಕ್ಕನ್ನು ನಂಬುವ ಹಾಗಿಲ್ಲ. ವಾಪಸ್ ಕೊಟ್ಟು ಚಿಕ್ಕದು ತಂದೆ. ನೀವು ತಗೊಳ್ಳುವುದಾದರೆ ಕಂಪನಿ ಹೆಸರಿಗಿಂತ ಮೊದಲು ಇದನ್ನು ನೋಡಿ. 12 ಎಂಎಂ ಥ್ರೆಡ್ಡಿಗೆ 15ರಿಂದ 20, 10 ಎಂಎಂಗೆ 10ರಿಂದ 12 ಸಾಕು. ಹಾಗಾಗಿ ನಿಮ್ಮ ಗಾಡಿಯ ಪ್ಲಗ್ ಯಾವುದು ಅಂತ ತಿಳಿದುಕೊಂಡೇ ಅಂಗಡಿಗೆ ಹೋಗಿ.

ಕೈಯಿಂದ ಪೂರ್ತಿ ತಿರುಗಿಸಿ ಕೂರಿಸಿ, ಆಮೇಲೆ ರೆಂಚ್ ಹಾಕಿ 25ಕ್ಕೆ ಕ್ಲಿಕ್ ಆದಾಗ ಮೊದಲ ಸಲ ನನಗೆ ನಂಬಿಕೆಯೇ ಬರಲಿಲ್ಲ. ಇಷ್ಟೇನಾ! ವಾಷರ್ ಕೂತ ಮೇಲೆ ಹೆಚ್ಚುಕಮ್ಮಿ ಅರ್ಧ ಸುತ್ತು ಅಷ್ಟೇ. ಹಾಗಂತ ಸಡಿಲ ಬಿಟ್ಟರೂ ಕೆಡುಕು. ಪ್ಲಗ್ಗಿನ ಬಿಸಿ ಹೆಡ್ಡಿಗೆ ಇಳಿಯುವುದಿಲ್ಲ, ತುದಿ ಸುಟ್ಟು ಹೋಗುತ್ತದೆ. ಥ್ರೆಡ್ಡಿಗೆ ಗ್ರೀಸ್ ಹಚ್ಚುವ ಅಭ್ಯಾಸವೂ ನನಗಿತ್ತು, ಬಿಟ್ಟೆ. ಲೇಪನ ಇರುವ ಪ್ಲಗ್ಗಿಗೆ ಏನೂ ಹಚ್ಚಬೇಡಿ ಅಂತ ಪ್ಲಗ್ ತಯಾರಿಸುವ ಎನ್‌ಜಿಕೆ ಕಂಪನಿಯವರೇ ಹೇಳುತ್ತಾರೆ. ಜಾರಿದರೆ ಅದೇ ಟಾರ್ಕಿಗೆ ಜಾಸ್ತಿ ಬಿಗಿಯಾಗುತ್ತದೆ.

ಈಗ ಈ ವಾರದ ಕಥೆ. ಆ ಪ್ಲಗ್ ಹಾಕಿದ ಮೇಲೆ ಸುಮಾರು 40,000 ಕಿಲೋಮೀಟರ್ ಓಡಿದೆ, ಮತ್ತೆ ಬಿಚ್ಚುವ ದಿನ ಬಂತು. ನಮ್ಮ ಮಳೆ ಗೊತ್ತಲ್ವಾ, ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಸುರಿಯುತ್ತದೆ. ಪ್ಲಗ್ಗಿನ ಮೇಲೆ ಕೂರುವ, ಅದಕ್ಕೆ ಕರೆಂಟ್ ಕೊಡುವ ಕಾಯಿಲ್ ತೆಗೆದರೆ ಪ್ಲಗ್ ಇರುವ ಎರಡು ಗುಂಡಿಯಲ್ಲಿ ಕೆಂಪು ನೀರಿನ ಕಲೆ. ಸೈಕಲ್ ಪಂಪಿನಿಂದ ಕಸ ಊದಿದೆ, ತಳಕ್ಕೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿ ಹಾಗೇ ಬಿಟ್ಟೆ. ಬೆಳಗ್ಗೆ ಎಂಜಿನ್ ತಣ್ಣಗಿದ್ದಾಗಲೇ ಮಾಮೂಲಿ ರಾಡಿನಿಂದ ಕಾಲು ಸುತ್ತು ಬಿಚ್ಚಿ, ವಾಪಸ್ ತಿರುಗಿಸಿ, ಸ್ಪ್ರೇ ಹೊಡೆದು ಹದಿನೈದು ನಿಮಿಷ ಕಾದೆ. ಅಷ್ಟರಲ್ಲಿ ಒಂದು ಕಾಫಿ. ಅಮೆರಿಕದಲ್ಲಿ ಫೋರ್ಡಿನ 5.4 ಲೀಟರ್ ಮೂರು ವಾಲ್ವಿನ ಟ್ರೈಟನ್ ಎಂಜಿನ್‌ನ ಪ್ಲಗ್ಗಿಗೂ ಇದೇ ಉಪಾಯ. ಅದರ ಪ್ಲಗ್ ಎರಡು ತುಂಡು ಜೋಡಿಸಿದ್ದು. ತುದಿಗೆ ಕಾರ್ಬನ್ ಕಟ್ಟಿ ಕೆಳಗಿನ ತುಂಡು ಒಳಗೇ ಉಳಿಯುತ್ತದಂತೆ. ನನ್ನದು ಅಷ್ಟು ಕಷ್ಟದ್ದಲ್ಲ. ಮೂರು ಪ್ಲಗ್ ಎರಡು ಬೆರಳಲ್ಲಿ ತಿರುಗಿದವು. ಮುರಿದಿದ್ದ ಜಾಗದ ನಾಲ್ಕನೆಯದು ಮಾತ್ರ ಕಿರ್ ಅಂದು ಸ್ವಲ್ಪ ಹೆದರಿಸಿ, ಆಮೇಲೆ ಬಂತು. ಸಾಕೆಟ್ಟಿಗೆ ಜೋಡಿಸುವ ಉದ್ದದ ಎಕ್ಸ್‌ಟೆನ್ಶನ್ ಸೊಟ್ಟ ಮಾಡಲಿಲ್ಲ. ಸೊಟ್ಟ ಆದರೆ ಪಿಂಗಾಣಿ ಬಿರುಕು ಬಿಡುತ್ತದೆ.

ದೂರುಗಳೂ ಇವೆ. ಹಿಡಿಯ ಮೇಲಿನ ಅಂಕಿಗಳು ಎಣ್ಣೆ ಕೈಗೆ ಸವೆದು ಅರ್ಧ ಕಾಣುವುದಿಲ್ಲ, ಟಾರ್ಚ್ ಹಿಡಿದು ಓದಬೇಕು. ಕ್ಲಿಕ್ ಸದ್ದು ಸಣ್ಣದು. ಶೆಡ್ಡಿನ ತಗಡಿನ ಮೇಲೆ ಮಳೆ ಬೀಳುವಾಗ ಏನೂ ಕೇಳಿಸದು, ಕೈಗೆ ಬರುವ ಸಣ್ಣ ಜಿಗಿತವೇ ಗತಿ. ಪೆಟ್ಟಿಗೆ ಒಳಗಿನ ಸ್ಪಂಜಿಗೆ ಮೊದಲನೇ ಆಷಾಢದಲ್ಲೇ ಬೂಷ್ಟು ಹಿಡಿಯಿತು. ಸ್ಪಂಜ್ ಕಿತ್ತೆಸೆದು ಹಳೇ ಪಂಚೆ ಸುತ್ತಿ ಇಟ್ಟಿದ್ದೇನೆ, ಆಮೇಲೆ ತುಕ್ಕು ಬಂದಿಲ್ಲ. ಸಾಕೆಟ್ಟಿನ ಮ್ಯಾಗ್ನೆಟ್ ಮಾತ್ರ ಇವತ್ತಿಗೂ ಗಟ್ಟಿ, ಅದಕ್ಕೆ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಕೆಲಸ ಮುಗಿದ ಮೇಲೆ ಅಳತೆಯನ್ನು ಕೆಳಗಿನ ಅಂಕಿಗೆ ಇಳಿಸಿ ಇಡಬೇಕು, ಇಲ್ಲದಿದ್ದರೆ ಸ್ಪ್ರಿಂಗ್ ಸುಸ್ತಾಗುತ್ತದೆ. ಬಿಚ್ಚುವುದಕ್ಕೆ ಇದನ್ನು ಬಳಸಲೇಬಾರದು. ಪಕ್ಕದ ಮನೆಯವರು ಒಮ್ಮೆ ಕೇಳಿ ತಗೊಂಡು ಹೋಗಿ ಟಿಲ್ಲರಿನ ನಟ್ ಬಿಚ್ಚಿದ್ದಾರೆ, 60ಕ್ಕೆ ಇಟ್ಟೇ ವಾಪಸ್ ಕೊಟ್ಟಿದ್ದಾರೆ. ಶಿವಮೊಗ್ಗದಲ್ಲಿ ಚೆಕ್ ಮಾಡಿಸಿದೆ, ಸದ್ಯ ಏನೂ ಆಗಿರಲಿಲ್ಲ. ಈಗ ಯಾರಾದರೂ ಕೇಳಿದರೆ ಪೈಪ್ ಕೊಡುತ್ತೇನೆ.